ಕಂಡ ಬೆಳಕೂ ಕಾಣದ ಬೆಳಕೂ

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕೆಂದು ನಮ್ಮ ಗಾದೆ ಹೇಳುತ್ತದೆ. ಕಣ್ಣು ಒಂದು ಸಾಕ್ಷಿ. ಅದರ ಮಾತೇ ಕಡೆಯ ತೀರ್ಪಲ್ಲ ಎಂಬ ತಿಳಿವಳಿಕೆ ಈ ಗಾದೆಯ ಹಿಂದಿದೆ. ಕಳೆದ ಎರಡು ಶತಮಾನಗಳಲ್ಲಿ ಭೌತವಿಜ್ಞಾನವು ಇದಕ್ಕೆ ದೊಡ್ಡದೊಂದು ಭಾಷ್ಯವನ್ನೇ ಬರೆದಿದೆಯೆನ್ನಬೇಕು. ನಾವು ಬೆಳಕೆಂದು ಕರೆಯುವುದು ಪ್ರಕೃತಿಯಲ್ಲಿರುವ ಕಿರಣಸಮೂಹದ ಕಿರಿದಾದ ಒಂದು ಪಟ್ಟಿ ಮಾತ್ರ. ಆ ಪಟ್ಟಿಯ ಕೆಂಪು ಅಂಚಿನಿಂದಾಚೆಗೆ, ನಮ್ಮ ಕಣ್ಣಿಗೆ ನಿಲುಕದೆ, ಇನ್ನೊಂದು ಬಗೆಯ ಬೆಳಕು ಹರಡಿದೆ. ಅದನ್ನು ಅವಕೆಂಪು ಅಥವಾ ಇನ್‌ಫ್ರಾರೆಡ್ ಎನ್ನುತ್ತಾರೆ. ಕಣ್ಣಿಗೆ ಕಾಣುವ ಬೆಳಕಿನಿಂದ ಒಂದು ಚಿತ್ರವನ್ನೂ ಅವಕೆಂಪಿನಿಂದ ಮತ್ತೊಂದನ್ನೂ ತೆಗೆದು, ಎರಡನ್ನೂ ಬೆಸೆದು ಒಂದೇ ಚಿತ್ರವಾಗಿ ಮಾಡುವ ವಿದ್ಯೆಯೊಂದು ಇಂದು ಬೆಳೆದು ನಿಂತಿದೆ. ಬಿಂಬಗಳ ಬೆಸುಗೆ ಎಂದು ಅದನ್ನು ಕರೆಯೋಣ. ಎರಡು ಸಾಕ್ಷಿಗಳು ಬೇರೆ ಬೇರೆ ನುಡಿದಾಗ ನಿಜವನ್ನು ಹೇಗೆ ನಿರ್ಣಯಿಸಬೇಕೆಂಬ ಹಳೆಯ ಪ್ರಶ್ನೆ ಈ ವಿದ್ಯೆಯ ನಡುವೆ ಕುಳಿತಿರುವುದರಿಂದ, ಇದರ ಚರಿತ್ರೆಯನ್ನು ತಿಳಿಯುವುದು ವಿಜ್ಞಾನಿಗಳಲ್ಲದವರಿಗೂ ಪ್ರಯೋಜನಕರ.

ಚರಿತ್ರೆ ಆರಂಭವಾಗುವುದು 1800ನೆಯ ಇಸವಿಯಲ್ಲಿ, ಇಂಗ್ಲೆಂಡಿನ ಸ್ಲೌ ಎಂಬ ಊರಿನಲ್ಲಿ. ಅಲ್ಲಿದ್ದ ವಿಲಿಯಂ ಹರ್ಷೆಲ್ ಹುಟ್ಟಿನಿಂದ ಜರ್ಮನಿಯ ಹ್ಯಾನೋವರಿನವನು, ಮೊದಲ ವೃತ್ತಿಯಿಂದ ಸಂಗೀತಗಾರ, 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದು ಲೋಕವಿಖ್ಯಾತನಾದವನು. ಸೂರ್ಯನನ್ನು ದೂರದರ್ಶಕದಲ್ಲಿ ನೋಡಲು ಬಣ್ಣದ ಗಾಜುಗಳನ್ನು ಅಡ್ಡ ಹಿಡಿಯುತ್ತಿದ್ದಾಗ ಅವನಿಗೊಂದು ವಿಚಿತ್ರ ಗೋಚರಿಸಿತು. ಕೆಲವು ಗಾಜುಗಳಲ್ಲಿ ಬೆಳಕು ಕಡಿಮೆ, ಆದರೆ ಕಾವು ಹೆಚ್ಚು. ಕೆಲವದರಲ್ಲಿ ಬೆಳಕು ಹೆಚ್ಚು, ಕಾವು ಇಲ್ಲವೆನ್ನುವಷ್ಟು ಕಡಿಮೆ. ಹಾಗಾದರೆ ಬಣ್ಣಬಣ್ಣಕ್ಕೂ ಕಾವು ಬೇರೆಯೇ? ಅವನು ಗಾಜಿನ ಪಟ್ಟಕದಿಂದ ಬಿಸಿಲನ್ನು ಕಾಮನಬಿಲ್ಲಿನ ಬಣ್ಣಗಳಾಗಿ ಒಡೆದು, ಒಂದೊಂದು ಬಣ್ಣದಲ್ಲಿಯೂ ಉಷ್ಣಮಾಪಕವನ್ನಿಟ್ಟು ನೋಡಿದ. ನೇರಳೆಯಿಂದ ಕೆಂಪಿನ ಕಡೆಗೆ ಸಾಗಿದಂತೆ ಕಾವು ಏರುತ್ತ ಹೋಯಿತು. ಕೆಂಪು ಮುಗಿದ ಮೇಲೆ, ಬರಿಯ ಮೇಜಿನ ಹಲಗೆ ಮಾತ್ರ ಕಾಣುತ್ತಿದ್ದ ಜಾಗದಲ್ಲಿ ಇಟ್ಟಾಗಲೂ ಪಾದರಸ ಇಳಿಯಲಿಲ್ಲ, ಇನ್ನೂ ಮೇಲಕ್ಕೇರಿತು. ಏನೂ ಇಲ್ಲವೆಂದು ಕಣ್ಣು ಹೇಳಿದ ಕಡೆ ಏನೋ ಇದೆಯೆಂದು ಉಷ್ಣಮಾಪಕ ಸಾಕ್ಷಿ ನುಡಿಯಿತು. ಕುತೂಹಲದ ಸಂಗತಿಯೆಂದರೆ, ಇಷ್ಟನ್ನೆಲ್ಲ ಕಂಡ ಹರ್ಷೆಲನೇ ಕೊನೆಗೆ ಬೆಳಕು ಬೇರೆ, ಈ ಕಾವಿನ ಕಿರಣ ಬೇರೆ ಎಂಬ ನಿರ್ಣಯಕ್ಕೆ ಬಂದ. ಎರಡೂ ಒಂದೇ ಕುಲದವೆಂದೂ ತರಂಗದ ಅಳತೆಯಲ್ಲಿ ಮಾತ್ರ ವ್ಯತ್ಯಾಸವೆಂದೂ ಸ್ಥಿರಪಡಲು ಮುಂದೆ ಹಲವು ದಶಕಗಳೇ ಹಿಡಿದವು.

ಇರುವಿಕೆ ತಿಳಿದ ಮಾತ್ರಕ್ಕೆ ಚಿತ್ರ ದೊರೆಯುವುದಿಲ್ಲ. ವಿಲಿಯಮನ ಮಗ ಜಾನ್ ಹರ್ಷೆಲ್ 1840ರಲ್ಲಿ ಮಸಿ ಹಿಡಿಸಿದ ಕಾಗದವನ್ನು ಮದ್ಯಸಾರದಲ್ಲಿ ನೆನೆಸಿ, ಅದು ಎಲ್ಲೆಲ್ಲಿ ಬೇಗ ಆರುತ್ತದೆಂಬುದರಿಂದ ಕಾಣದ ಕಿರಣಗಳ ಗುರುತನ್ನು ಮೂಡಿಸಿದ. 1880ರ ವೇಳೆಗೆ ಅಮೆರಿಕದ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಬೊಲೋಮೀಟರ್ ಎಂಬ ಸೂಕ್ಷ್ಮವಾದ ಉಪಕರಣವನ್ನು ನಿರ್ಮಿಸಿದ. ಕಾವು ತಗಲಿದಾಗ ತೆಳುವಾದ ಲೋಹದ ಪಟ್ಟಿಯ ವಿದ್ಯುತ್ ರೋಧ ಬದಲಾಗುವುದನ್ನು ಅಳೆಯುವುದೇ ಅದರ ತತ್ತ್ವ. 1910ರಲ್ಲಿ ಅದೇ ದೇಶದ ರಾಬರ್ಟ್ ವುಡ್ ಕಾಣುವ ಬೆಳಕನ್ನು ತಡೆದು ಅವಕೆಂಪನ್ನು ಮಾತ್ರ ಒಳಬಿಡುವ ಶೋಧಕದ ಮೂಲಕ ಭೂದೃಶ್ಯಗಳ ಛಾಯಾಚಿತ್ರಗಳನ್ನು ತೆಗೆದು ಪ್ರಕಟಿಸಿದ. ಅವುಗಳಲ್ಲಿ ಹಗಲಿನ ಆಕಾಶ ಕಪ್ಪಾಗಿತ್ತು; ಹಸುರು ಮರಗಳು ಹಿಮ ಬಿದ್ದಂತೆ ಬೆಳ್ಳಗಿದ್ದವು. ಎಲೆಯ ಪತ್ರಹರಿತ್ತು ಕೆಂಪನ್ನೂ ನೀಲಿಯನ್ನೂ ಹೀರಿಕೊಳ್ಳುತ್ತದೆ. ಆದರೆ ಎಲೆಯೊಳಗಿನ ಜೀವಕೋಶಗಳ ರಚನೆ ಸಮೀಪದ ಅವಕೆಂಪನ್ನು ಹೊರಕ್ಕೆ ಚೆದರಿಸಿಬಿಡುತ್ತದೆ. ಆ ಬೆಳಕನ್ನು ಕಾಣಬಲ್ಲ ಕಣ್ಣೊಂದಿದ್ದರೆ ನಮ್ಮ ಮಲೆನಾಡಿನ ಕಾಡೂ ಅದಕ್ಕೆ ಹಿಮಾಲಯದಂತೆ ಹೊಳೆದು ಕಂಡೀತು.

ಹೀಗೆ ಒಂದು ಕಡೆ ಕಾಣದ ಬೆಳಕಿನ ಚಿತ್ರ ಸಿದ್ಧವಾಗುತ್ತಿದ್ದರೆ, ಬೇರೆ ಬೇರೆ ಚಿತ್ರಗಳನ್ನು ಕೂಡಿಸುವ ಉಪಾಯ ಅದಕ್ಕೂ ಮೊದಲೇ ಹುಟ್ಟಿತ್ತು. 1861ರ ಮೇ 17ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಒಂದು ಉಪನ್ಯಾಸ ಮಾಡಿದ. ಬಣ್ಣದ ಚೌಕಳಿಯ ಪಟ್ಟಿಬಟ್ಟೆಯೊಂದನ್ನು ಥಾಮಸ್ ಸಟ್ಟನ್ ಎಂಬ ಛಾಯಾಚಿತ್ರಗಾರ ಕೆಂಪು, ಹಸುರು, ನೀಲಿ ಶೋಧಕಗಳ ಮೂಲಕ ಬೇರೆ ಬೇರೆಯಾಗಿ ತೆಗೆದಿದ್ದ. ಆ ಮೂರು ಕಪ್ಪು-ಬಿಳುಪು ಚಿತ್ರಗಳನ್ನು ಅದೇ ಬಣ್ಣಗಳ ಮೂಲಕ ತೆರೆಯ ಮೇಲೆ ಒಂದರ ಮೇಲೊಂದು ಬೀಳುವಂತೆ ಮಾಡಿದಾಗ ಬಟ್ಟೆಯ ಬಣ್ಣಗಳು ಮೂಡಿಬಂದವು. ಆ ಕಾಲದ ಛಾಯಾಚಿತ್ರದ ಲೇಪಕ್ಕಾದರೋ ಕೆಂಪು ಬೆಳಕು ತಾಗುತ್ತಲೇ ಇರಲಿಲ್ಲ. ಹಾಗಿದ್ದೂ ಕೆಂಪು ಮೂಡಿದ್ದು ಹೇಗೆ? ಸರಿಯಾಗಿ ನೂರು ವರ್ಷಗಳ ಮೇಲೆ, 1961ರಲ್ಲಿ, ಕೊಡಕ್ ಸಂಸ್ಥೆಯ ರಾಲ್ಫ್ ಇವಾನ್ಸ್ ಈ ಒಗಟನ್ನು ಬಿಡಿಸಿದ. ಕೆಂಪು ಬಟ್ಟೆ ಅತಿನೇರಳೆ ಕಿರಣವನ್ನೂ ಪ್ರತಿಫಲಿಸುತ್ತಿತ್ತು; ಕೆಂಪು ಶೋಧಕ ಅದನ್ನು ಒಳಬಿಟ್ಟಿತ್ತು; ಲೇಪ ಹಿಡಿದಿದ್ದು ಅದನ್ನು. ಅಂದರೆ ಬಣ್ಣದ ಛಾಯಾಚಿತ್ರಗಳ ಮೂಲಪುರುಷನೆನಿಸಿದ ಆ ಚಿತ್ರದಲ್ಲಿಯೇ ಕಾಣುವ ಬೆಳಕಿನೊಂದಿಗೆ ಕಾಣದ ಬೆಳಕು ಬೆಸೆದುಕೊಂಡಿತ್ತು. ನೋಡಿದವರಿಗೆ ಅದು ತಿಳಿಯಲಿಲ್ಲ, ಮಾಡಿದವರಿಗೂ ತಿಳಿಯಲಿಲ್ಲ. ಬೆಸುಗೆಯ ಚಿತ್ರ ಕಣ್ಣಿಗೆ ಸರಿಯೆನಿಸಿದ ಮಾತ್ರಕ್ಕೆ ಅದರ ಮೂಲ ಸಾಕ್ಷಿ ನಾವು ಭಾವಿಸಿದ್ದೇ ಆಗಿರಬೇಕಾಗಿಲ್ಲವೆಂಬ ಪಾಠ ಇದರಲ್ಲಿದೆ.

ಅವಕೆಂಪನ್ನು ಕಾಣುವ ಬೆಳಕಿನೊಂದಿಗೆ ತಿಳಿದೂ ತಿಳಿದೂ ಬೆಸೆದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಫಿರಂಗಿಗಳ ಮೇಲೂ ವಾಹನಗಳ ಮೇಲೂ ಹಸುರು ಬಣ್ಣ ಬಳಿದು, ಕಡಿದ ಕೊಂಬೆಗಳನ್ನು ಹೊದಿಸಿ ವಿಮಾನದ ಕಣ್ಣಿನಿಂದ ಮರೆಮಾಚುವುದು ಸೈನ್ಯಗಳಿಗೆ ರೂಢಿಯಾಗಿತ್ತು. ಈ ವೇಷವನ್ನು ಬಯಲು ಮಾಡಲು ಕೊಡಕ್ ಸಂಸ್ಥೆ ಒಂದು ವಿಶೇಷ ಫಿಲ್ಮನ್ನು ತಯಾರಿಸಿತು. ಅದರಲ್ಲಿ ಬಣ್ಣಗಳನ್ನು ಒಂದೊಂದು ಮೆಟ್ಟಿಲು ಸರಿಸಲಾಗಿತ್ತು: ಅವಕೆಂಪು ಬಂದ ಕಡೆ ಕೆಂಪು, ಕೆಂಪು ಬಂದ ಕಡೆ ಹಸುರು, ಹಸುರು ಬಂದ ಕಡೆ ನೀಲಿ. ಜೀವಂತ ಎಲೆ ಆ ಚಿತ್ರದಲ್ಲಿ ಕಡುಗೆಂಪಾಗಿ ಉರಿಯುತ್ತದೆ. ಹಸುರು ಬಣ್ಣದ ಡಬ್ಬಿಯಿಂದ ಬಂದ ಹಸುರು ನೀಲಿಯಾಗಿ ಪೇಲವವಾಗಿ ನಿಲ್ಲುತ್ತದೆ. ಕಣ್ಣಿಗೆ ಎರಡೂ ಹಸುರೇ. ಸಹಜವನ್ನೂ ಸೋಗನ್ನೂ ಬೇರ್ಪಡಿಸಿದ್ದು ಸುಳ್ಳು ಬಣ್ಣದ ಒಂದು ಚಿತ್ರವೆಂಬುದನ್ನು ಕಂಡರೆ ಅಚ್ಚರಿಯಾಗುತ್ತದೆ.

ಯುದ್ಧಕ್ಕಾಗಿ ಹುಟ್ಟಿದ ಈ ಫಿಲ್ಮು ನಮ್ಮ ದೇಶದಲ್ಲಿ ತೆಂಗಿನ ಮರಕ್ಕೆ ವೈದ್ಯನಾಗಿ ಬಂದಿತು. 1970ರ ಸುಮಾರಿನಲ್ಲಿ ಕೇರಳದ ತೋಟಗಳನ್ನು ಬೇರಿನ ಸೊರಗು ರೋಗ ಕಾಡುತ್ತಿತ್ತು. ವಿಕ್ರಮ್ ಸಾರಾಭಾಯಿಯವರ ಪ್ರೋತ್ಸಾಹದಿಂದ ಪಿ. ಆರ್. ಪಿಷಾರೋಟಿಯವರು ಹೆಲಿಕಾಪ್ಟರಿನಲ್ಲಿ ಕ್ಯಾಮೆರಾಗಳನ್ನಿರಿಸಿ, ಮೇಲಿನಿಂದ ಅವಕೆಂಪು ಬಣ್ಣದ ಫಿಲ್ಮಿನಲ್ಲಿ ತೋಟಗಳ ಚಿತ್ರ ತೆಗೆಸಿದರು. ರೋಗ ತಗಲಿದ ಮರದ ಗರಿಗಳಿಂದ ಅವಕೆಂಪಿನ ಹೊಳಪು ತಗ್ಗುತ್ತದೆ. ಚಿತ್ರದಲ್ಲಿ ಅದರ ಕೆಂಪು ಮಾಸುತ್ತದೆ. ಮರದ ಬುಡದಲ್ಲಿ ನಿಂತ ರೈತನಿಗೆ ತಿಳಿಯದ ವ್ಯಾಧಿ ಆಕಾಶದಿಂದ ನೋಡಿದವರಿಗೆ ತಿಳಿಯುವ ಈ ಪ್ರಯೋಗವೇ ಭಾರತದಲ್ಲಿ ದೂರಸಂವೇದನೆಯ ನಾಂದಿಯಾಯಿತು. ಮುಂದೆ ಫಿಲ್ಮಿನ ಕೆಲಸವನ್ನು ಉಪಗ್ರಹಗಳು ವಹಿಸಿಕೊಂಡವು. 1972ರ ಜುಲೈ 23ರಂದು ಹಾರಿದ ಅಮೆರಿಕದ ಲ್ಯಾಂಡ್‌ಸ್ಯಾಟ್ ಹಸುರು, ಕೆಂಪು ಮತ್ತು ಅವಕೆಂಪಿನ ಎರಡು ಪಟ್ಟಿಗಳಲ್ಲಿ ಭೂಮಿಯನ್ನು ಚಿತ್ರಿಸಿತು. ಬೆಂಗಳೂರಿನಲ್ಲಿ ಸಿದ್ಧವಾಗಿ 1979ರ ಜೂನ್ 7ರಂದು ಸೋವಿಯತ್ ರಾಕೆಟ್ಟಿನ ಮೇಲೇರಿದ ಭಾಸ್ಕರ ಉಪಗ್ರಹದಲ್ಲಿ ಎರಡು ದೂರದರ್ಶನ ಕ್ಯಾಮೆರಾಗಳಿದ್ದವು; ಒಂದು ಕಾಣುವ ಬೆಳಕಿಗೆ, ಇನ್ನೊಂದು ಅವಕೆಂಪಿಗೆ. 1988ರ ಮಾರ್ಚ್ 17ರಂದು ಐಆರ್‌ಎಸ್-1ಎ ಹಾರಿದ ಮೇಲೆ, ಕೆಂಪು ಬಣ್ಣದಲ್ಲಿ ಬೆಳೆಯನ್ನೂ ಕಾಡನ್ನೂ ತೋರಿಸುವ ನಕ್ಷೆಗಳು ನಮ್ಮ ಕೃಷಿ, ಅರಣ್ಯ ಇಲಾಖೆಗಳ ಮೇಜಿಗೆ ನಿತ್ಯದ ವಸ್ತುಗಳಾದವು.

ಇಲ್ಲಿಯವರೆಗೆ ಹೇಳಿದ್ದು ಸಮೀಪದ ಅವಕೆಂಪಿನ ಮಾತು. ಅದು ಸೂರ್ಯನಿಂದ ಬಂದು ವಸ್ತುಗಳ ಮೇಲೆ ಬಿದ್ದು ಹಿಂತಿರುಗುವ ಬೆಳಕು. ಇನ್ನೂ ದೂರದ ಅವಕೆಂಪು ಬೇರೆಯ ಸ್ವಭಾವದ್ದು. ಮನುಷ್ಯನ ಮೈ, ಕಾದ ಯಂತ್ರ, ಬಿಸಿಲುಂಡ ಗೋಡೆ ಎಲ್ಲವೂ ತಮ್ಮ ಕಾವಿಗೆ ತಕ್ಕಂತೆ ತಾವೇ ಅದನ್ನು ಹೊರಸೂಸುತ್ತವೆ. ಕಣ್ಣಿಗೆ ಕಾಣುವ ಬೆಳಕಿನ ತರಂಗ ಮೈಕ್ರಾನಿನ ಹತ್ತರಲ್ಲಿ ನಾಲ್ಕರಿಂದ ಏಳು ಭಾಗದಷ್ಟಿದ್ದರೆ, ನಮ್ಮ ಮೈಯಿಂದ ಹೊಮ್ಮುವ ಕಿರಣ ಸುಮಾರು 10 ಮೈಕ್ರಾನಿನ ಹತ್ತಿರ ಪ್ರಬಲವಾಗಿರುತ್ತದೆ. ಈ ಕಿರಣಕ್ಕೆ ದೀಪ ಬೇಡ, ಬೆಳದಿಂಗಳು ಬೇಡ. ಅಮಾವಾಸ್ಯೆಯ ಕತ್ತಲಲ್ಲಿಯೂ ಮನುಷ್ಯ ಹಣತೆಯಂತೆ ಬೆಳಗುತ್ತಾನೆ. ಆದರೆ ಉಷ್ಣಚಿತ್ರಕ್ಕೆ ತನ್ನದೇ ಕುರುಡುತನವಿದೆ. ಸುತ್ತಲಿನಷ್ಟೇ ಕಾವಿರುವ ಬೇಲಿ, ಗೋಡೆಯ ಮೇಲಿನ ಬರಹ, ಮುಖದ ಚಹರೆ, ಇವು ಅದಕ್ಕೆ ಚೆನ್ನಾಗಿ ಕಾಣವು. ಕಿಟಕಿಯ ಗಾಜೂ ಅದಕ್ಕೆ ಗೋಡೆಯೇ. ಆದ್ದರಿಂದ ಮನುಷ್ಯನಿದ್ದಾನೆಂದು ಉಷ್ಣಚಿತ್ರ ಹೇಳುತ್ತದೆ, ಎಲ್ಲಿದ್ದಾನೆಂದು ಹೇಳಲಾರದು. ಬೇಲಿ ಎಲ್ಲಿದೆಯೆಂದು ಸಾಮಾನ್ಯ ಚಿತ್ರ ಹೇಳುತ್ತದೆ, ಮನುಷ್ಯನ ಸುದ್ದಿಯೇ ಅದಕ್ಕೆ ತಿಳಿಯದು. ಅವನು ಬೇಲಿಯ ಒಳಗಿದ್ದಾನೋ ಹೊರಗಿದ್ದಾನೋ ಎಂಬುದು ಕಾವಲುಗಾರನಿಗೆ ಪ್ರಾಣದ ಪ್ರಶ್ನೆ. ಬೇಲಿಯ ಬಳಿ ನಿಂತ ಆ ಮನುಷ್ಯನಿಗಂತೂ ಅದಕ್ಕಿಂತ ಹೆಚ್ಚು.

ಎರಡು ಚಿತ್ರಗಳ ಸರಾಸರಿ ತೆಗೆದರಾಯಿತಲ್ಲ ಎಂದು ವಾಚಕರಿಗೆ ತೋರಬಹುದು. ಮೊದಲಿಗೆ ಎಲ್ಲರಿಗೂ ತೋರಿದ್ದು ಅದೇ. ಅದರಲ್ಲೊಂದು ಕೇಡಿದೆ. ಸಾಮಾನ್ಯ ಚಿತ್ರದಲ್ಲಿ ಮನುಷ್ಯ ಹಿಂದಿನ ಗೋಡೆಗಿಂತ ಕಪ್ಪಾಗಿದ್ದು, ಉಷ್ಣಚಿತ್ರದಲ್ಲಿ ಅದೇ ಗೋಡೆಗಿಂತ ಬೆಳ್ಳಗಿದ್ದಾನೆನ್ನಿ. ಎರಡನ್ನೂ ಸಮವಾಗಿ ಬೆರೆಸಿದರೆ ಕಪ್ಪು ಬಿಳುಪನ್ನು ತಿಂದು, ಮನುಷ್ಯನೂ ಗೋಡೆಯೂ ಒಂದೇ ಬೂದು ಬಣ್ಣಕ್ಕೆ ಇಳಿಯುತ್ತವೆ. ಎರಡು ಸಾಕ್ಷಿಗಳೂ ಕಂಡ ಮನುಷ್ಯ ಪಂಚಾಯಿತಿಯಲ್ಲಿ ಮಾಯವಾಗುತ್ತಾನೆ! ಎಲ್ಲರ ಮಾತನ್ನೂ ಅರ್ಧರ್ಧ ಸ್ವೀಕರಿಸುವುದು ನ್ಯಾಯವಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಸಿಕ್ಕುವುದು ಕಷ್ಟ.

ಈ ಸಮಸ್ಯೆಯನ್ನು ಮನುಷ್ಯನಿಗಿಂತ ಎಷ್ಟೋ ಮೊದಲು ಬಿಡಿಸಿದ ಪ್ರಾಣಿಯೊಂದಿದೆ. ಗುಳಿಮಂಡಲದ ಜಾತಿಯ ಹಾವುಗಳಿಗೆ ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಒಂದೊಂದು ಗುಳಿಯಿರುತ್ತದೆ. ಅದು ಇಲಿಯ ಮೈಯ ಕಾವನ್ನು ಗ್ರಹಿಸುತ್ತದೆ. ಬಾಲದಲ್ಲಿ ಗಿಲಕಿಯುಳ್ಳ ಅಮೆರಿಕದ ಹಾವೂ ಇದೇ ಕುಲದ್ದು. ಅದರ ಮಿದುಳನ್ನು ಪರೀಕ್ಷಿಸಿದ ನ್ಯೂಮನ್ ಮತ್ತು ಹಾರ್ಟ್‌ಲೈನ್ ಎಂಬ ವಿಜ್ಞಾನಿಗಳು 1981ರಲ್ಲಿ ಒಂದು ಸ್ವಾರಸ್ಯವಾದ ವರದಿಯನ್ನು ಪ್ರಕಟಿಸಿದರು. ಕಣ್ಣಿನ ಸುದ್ದಿಯೂ ಗುಳಿಯ ಸುದ್ದಿಯೂ ಮಿದುಳಿನ ಒಂದೇ ಭಾಗಕ್ಕೆ ಬಂದು ಸೇರುತ್ತವೆ. ಅಲ್ಲಿನ ಕೆಲವು ನರಕೋಶಗಳು ಎರಡೂ ಸುದ್ದಿ ಒಟ್ಟಿಗೆ ಬಂದರೆ ಮಾತ್ರ ಎಚ್ಚರಗೊಳ್ಳುತ್ತವೆ. ಕೆಲವಕ್ಕೆ ಯಾವುದಾದರೂ ಒಂದು ಸಾಕು. ಇನ್ನು ಕೆಲವು ಕಣ್ಣಿನ ಮಾತನ್ನು ಕೇಳುತ್ತಿದ್ದು, ಕಾವಿನ ಸುದ್ದಿ ಬಂದೊಡನೆ ಅದನ್ನು ಹೆಚ್ಚಿಸುತ್ತವೆ ಅಥವಾ ತಗ್ಗಿಸುತ್ತವೆ. ಸರಾಸರಿಯ ಗೋಜಿಗೆ ಹಾವು ಹೋಗುವುದಿಲ್ಲ. ಯಾವ ಸಂದರ್ಭದಲ್ಲಿ ಯಾವ ಸಾಕ್ಷಿಗೆ ಎಷ್ಟು ಬೆಲೆಯೆಂಬುದನ್ನು ಅದು ತೂಗಿ ನೋಡುತ್ತದೆ. ಮುಂದೆ 1990ರ ದಶಕದಲ್ಲಿ ಅಮೆರಿಕದ ಎಂಐಟಿ ಲಿಂಕನ್ ಪ್ರಯೋಗಾಲಯದ ಅಲೆನ್ ವಾಕ್ಸ್‌ಮನ್ ಮತ್ತು ಸಂಗಡಿಗರು ಮಂದ ಬೆಳಕಿನ ಚಿತ್ರವನ್ನೂ ಉಷ್ಣಚಿತ್ರವನ್ನೂ ಬಣ್ಣದಲ್ಲಿ ಬೆಸೆಯುವ ಕ್ರಮವನ್ನು ರೂಪಿಸುವಾಗ ಈ ಹಾವಿನಿಂದಲೂ ಪಾಠ ಕಲಿತರು.

ಗಣಕಯಂತ್ರಕ್ಕೆ ಇಂಥ ವಿವೇಕವನ್ನು ಕಲಿಸುವ ದಾರಿ ತೆರೆದದ್ದು 1983ರಲ್ಲಿ. ಪೀಟರ್ ಬರ್ಟ್ ಮತ್ತು ಎಡ್ವರ್ಡ್ ಆಡೆಲ್ಸನ್ ಚಿತ್ರವೊಂದನ್ನು ಗೋಪುರದಂತೆ ಅಂತಸ್ತು ಅಂತಸ್ತಾಗಿ ಬಿಡಿಸುವ ಕ್ರಮವನ್ನು ಪ್ರಕಟಿಸಿದರು. ಚಿತ್ರವನ್ನು ಸ್ವಲ್ಪ ಮಸುಕು ಮಾಡಿ ಕಿರಿದುಗೊಳಿಸುವುದು. ಮಸುಕಾದಾಗ ಕಳೆದುಹೋದ ವಿವರವನ್ನು ಬೇರೆ ತೆಗೆದಿಡುವುದು. ಹೀಗೆಯೇ ಮತ್ತೆ ಮತ್ತೆ ಮಾಡುವುದು. ಆಗ ಕೆಳಗಿನ ಅಂತಸ್ತಿನಲ್ಲಿ ಕೂದಲೆಳೆಯಂಥ ವಿವರ, ಮೇಲಿನ ಅಂತಸ್ತುಗಳಲ್ಲಿ ದೊಡ್ಡ ದೊಡ್ಡ ಆಕಾರಗಳು ಉಳಿಯುತ್ತವೆ. ಎರಡು ಚಿತ್ರಗಳಿಗೂ ಇಂಥ ಗೋಪುರ ಕಟ್ಟಿ, ಪ್ರತಿ ಅಂತಸ್ತಿನಲ್ಲಿಯೂ ಪ್ರತಿ ಜಾಗದಲ್ಲಿಯೂ ಯಾವುದರ ವಿವರ ಸ್ಫುಟವೋ ಅದನ್ನು ಆರಿಸಿ, ಕಡೆಗೆ ಒಂದೇ ಚಿತ್ರವಾಗಿ ಮರಳಿ ಕಟ್ಟಬಹುದು. ನೆದರ್ಲೆಂಡ್ಸಿನ ಅಲೆಕ್ಸಾಂಡರ್ ಟೂಟ್ ಮತ್ತು ಸಹೋದ್ಯೋಗಿಗಳು 1989ರಲ್ಲಿ ಇದರ ಒಂದು ರೂಪಾಂತರದಿಂದ ಸಾಮಾನ್ಯ ಚಿತ್ರವನ್ನೂ ಉಷ್ಣಚಿತ್ರವನ್ನೂ ಬೆಸೆದರು. ಅವರು 1997ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಮನುಷ್ಯ ಎಲ್ಲಿ ನಿಂತಿದ್ದಾನೆಂಬುದನ್ನು ಸುತ್ತಲಿನ ಗುರುತುಗಳಿಗೆ ಹೋಲಿಸಿ ಹೇಳುವುದರಲ್ಲಿ ಬೆಸೆದ ಚಿತ್ರವನ್ನು ನೋಡಿದವರು ಒಂಟಿ ಚಿತ್ರ ನೋಡಿದವರಿಗಿಂತ ಮೇಲಾದರು. ಬೇಲಿಯೂ ಮನುಷ್ಯನೂ ಕಡೆಗೆ ಒಂದೇ ಚಿತ್ರದಲ್ಲಿ ಸಂಧಿಸಿದರು.

ಇಲ್ಲಿ ಕನ್ನಡ ಪಾಠ ಹೇಳುವವನಿಗೆ ತನ್ನ ಕ್ಷೇತ್ರದ ಒಂದು ಕೆಲಸ ನೆನಪಿಗೆ ಬರುವುದು ಸಹಜ. ಹಳಗನ್ನಡ ಕಾವ್ಯದ ಎರಡು ಓಲೆಪ್ರತಿಗಳು ದೊರೆತಿವೆಯೆನ್ನಿ. ಒಂದರಲ್ಲಿ ಅಕ್ಷರ ಶುದ್ಧ, ಆದರೆ ಅಲ್ಲಲ್ಲಿ ಓಲೆ ಮುರಿದಿದೆ. ಇನ್ನೊಂದು ಪೂರ್ಣವಾಗಿದೆ, ಆದರೆ ಲಿಪಿಕಾರ ಎಷ್ಟೋ ಕಡೆ ತಪ್ಪಿದ್ದಾನೆ. ಸಂಪಾದಕ ಎರಡನ್ನೂ ಕೂಡಿಸಿ ಪಾಠವನ್ನು ಸಿದ್ಧಪಡಿಸಬೇಕು. ಎಡೆಯರಿತು ಆರಿಸುವುದು ಅವನ ವಿವೇಕ. ಆದರೆ ಅವನು ಸಿದ್ಧಪಡಿಸಿದ ಪಾಠ ಇದ್ದಂತೆ ಯಾವ ಓಲೆಯಲ್ಲಿಯೂ ಇಲ್ಲ. ಆದ್ದರಿಂದಲೇ ಪ್ರಾಮಾಣಿಕನಾದ ಸಂಪಾದಕ ಪುಟದ ಕೆಳಗೆ ಪಾಠಾಂತರಗಳನ್ನು ಕೊಡುತ್ತಾನೆ; ತಾನು ಬಿಟ್ಟದ್ದನ್ನು ಓದುಗನಿಂದ ಬಚ್ಚಿಡುವುದಿಲ್ಲ. ಬೆಸೆದ ಚಿತ್ರದ ಸ್ಥಿತಿಯೂ ಹೀಗೆಯೇ. ಅದು ಯಾವ ಕಣ್ಣೂ ಯಾವ ಕ್ಯಾಮೆರಾವೂ ಕಂಡ ದೃಶ್ಯವಲ್ಲ. ಅದು ಸರಿಯೋ ತಪ್ಪೋ ಎಂದು ಹೋಲಿಸಿ ನೋಡಲು ಮೂಲಪ್ರತಿಯೇ ಇಲ್ಲ. ಚಿತ್ರದ ಗುಣವನ್ನು ಅಳೆಯಲು ವಿಜ್ಞಾನಿಗಳು ಹತ್ತಾರು ಮಾನಗಳನ್ನು ಕಲ್ಪಿಸಿದ್ದಾರೆ. ಒಂದರ ಪ್ರಕಾರ ಉತ್ತಮವಾದದ್ದು ಇನ್ನೊಂದರ ಪ್ರಕಾರ ಸಾಧಾರಣ. ಮೇಲಾಗಿ, ಎರಡು ಕ್ಯಾಮೆರಾಗಳ ಮಸೂರಗಳು ಬೇರೆ, ನಿಂತ ನೆಲೆಗಳು ಬೇರೆ. ಒಂದು ಚಿತ್ರ ಮತ್ತೊಂದರ ಮೇಲೆ ಕೂದಲೆಳೆಯಷ್ಟು ಸರಿದು ಕೂತರೂ ಮನುಷ್ಯನ ಮೈಯಿಂದ ಅವನ ಕಾವು ಬೇರೆಯಾಗಿ, ಪಕ್ಕದಲ್ಲಿ ಪ್ರೇತದಂತೆ ನಿಲ್ಲುತ್ತದೆ.

ಈಚಿನ ವರ್ಷಗಳಲ್ಲಿ ಆರಿಸುವ ಕೆಲಸವನ್ನೂ ಯಂತ್ರವೇ ಕಲಿತುಕೊಂಡಿದೆ. 2019ರಲ್ಲಿ ಚೀನದ ವುಹಾನ್ ವಿಶ್ವವಿದ್ಯಾನಿಲಯದ ಮಾ ಜಿಯಾಯಿ ಮತ್ತು ಸಂಗಡಿಗರು ಪ್ರಕಟಿಸಿದ ಕ್ರಮದಲ್ಲಿ ಎರಡು ಕೃತಕ ನರಜಾಲಗಳು ಒಂದರೊಡನೊಂದು ಸ್ಪರ್ಧಿಸುತ್ತವೆ. ಒಂದು, ಉಷ್ಣಚಿತ್ರದ ಹೊಳಪನ್ನು ಕಾಪಾಡಿಕೊಂಡು ಬೆಸುಗೆಯ ಚಿತ್ರವನ್ನು ರಚಿಸುತ್ತದೆ; ಇನ್ನೊಂದು, ಇದರಲ್ಲಿ ಸಾಮಾನ್ಯ ಚಿತ್ರದ ವಿವರ ಸಾಲದೆಂದು ಅದನ್ನು ಹಿಡಿದು ನಿಲ್ಲಿಸುತ್ತದೆ. ಈ ಜಗಳದಿಂದ ಚಿತ್ರ ಉತ್ತಮಗೊಳ್ಳುತ್ತ ಹೋಗುತ್ತದೆ. ಫಲ ಅನೇಕ ವೇಳೆ ಮನೋಹರವಾಗಿಯೇ ಇರುತ್ತದೆ. ಆದರೆ ಇಂಥ ಕಡೆ ಇದನ್ನೇ ಏಕೆ ಆರಿಸಿದೆಯೆಂದು ಗೋಪುರದ ಕ್ರಮವನ್ನು ಕೇಳಿದರೆ ಉತ್ತರ ಸಿಕ್ಕುತ್ತಿತ್ತು. ನರಜಾಲವನ್ನು ಕೇಳಿದರೆ ಅಷ್ಟು ಸುಲಭವಾಗಿ ಸಿಕ್ಕುವುದಿಲ್ಲ. ಚಿತ್ರ ಚೆಲುವಾದಷ್ಟೂ ಅದನ್ನು ನಂಬುವ ಮೋಹ ಹೆಚ್ಚುತ್ತದೆಯೆಂಬುದನ್ನು ಮರೆಯಬಾರದು.

ಈ ಎಚ್ಚರಿಕೆಗೆ ಕಾರಣವಿದೆ. ಬೆಸುಗೆಯ ಚಿತ್ರ ಇಂದು ಪ್ರಯೋಗಶಾಲೆಯನ್ನು ದಾಟಿ ಬಂದಿದೆ. ವಿದ್ಯುತ್ ಹಲಗೆಯ ಮುಂದೆ ನಿಂತ ಕೆಲಸಗಾರನಿಗೆ ಯಾವ ತಂತಿ ಕಾಯುತ್ತಿದೆಯೆಂದು ತೋರಿಸುವ ಕ್ಯಾಮೆರಾ ಉಷ್ಣಚಿತ್ರದ ಮೇಲೆ ಸಾಮಾನ್ಯ ಚಿತ್ರದ ರೇಖೆಗಳನ್ನು ಮೂಡಿಸುತ್ತದೆ. ಕಾಡಿನಲ್ಲಿ ಕಳೆದುಹೋದವನನ್ನು ಹುಡುಕುವವರಿಗೂ ಇದು ನೆರವಾಗುತ್ತದೆ. ಇದೇ ಚಿತ್ರ ಸೈನಿಕನ ಕನ್ನಡಕದಲ್ಲಿಯೂ ಇದೆ. ಅಲ್ಲಿ ಅದರ ಮೇಲೆ ಕಣ್ಣಿಟ್ಟವನ ಬೆರಳು ಬಂದೂಕಿನ ಕುದುರೆಯ ಮೇಲಿರುತ್ತದೆ. ಕತ್ತಲಲ್ಲಿ ಹೊಳೆಯುವ ಆಕೃತಿ ಮನುಷ್ಯನದೆಂದು ಉಷ್ಣಚಿತ್ರ ಹೇಳೀತು. ಅವನ ಕೈಯಲ್ಲಿರುವುದು ಕೋವಿಯೋ ನೇಗಿಲ ಮೇಳಿಯೋ ಎಂಬುದನ್ನು ಬೆಸುಗೆ ಊಹಿಸಿ ತುಂಬಿದರೆ ಯಾರು ಜವಾಬು ಹೇಳಬೇಕು? ಸಾಕ್ಷ್ಯವಾಗಿ ಮುಂದಿಡುವ ಯಾವುದೇ ಬೆಸೆದ ಚಿತ್ರದೊಡನೆ ಅದರ ಎರಡು ಮೂಲಚಿತ್ರಗಳೂ ಇರಬೇಕೆಂಬುದು ಈ ಚರಿತ್ರೆಯಿಂದ ನಾವು ಕಲಿಯಬೇಕಾದ ನಿಯಮ. ಪುಟದ ಕೆಳಗಿನ ಪಾಠಾಂತರಕ್ಕೆ ಸಮಾನವಾದದ್ದು ಅದು.

ಖಗೋಳವಿಜ್ಞಾನಿಗಳು ಈ ಮರ್ಯಾದೆಯನ್ನು ಪಾಲಿಸುತ್ತಿದ್ದಾರೆ. 2021ರ ಡಿಸೆಂಬರ್ 25ರಂದು ಹಾರಿದ ಜೇಮ್ಸ್ ವೆಬ್ ದೂರದರ್ಶಕದ ಅವಕೆಂಪು ಚಿತ್ರವನ್ನು ಹಬಲ್ ದೂರದರ್ಶಕದ ಚಿತ್ರದೊಡನೆ ಬೆಸೆದು, 430 ಕೋಟಿ ಜ್ಯೋತಿರ್ವರ್ಷಗಳ ದೂರದ ಗೆಲಾಕ್ಸಿಗಳ ಸಮೂಹವೊಂದನ್ನು 2023ರ ನವೆಂಬರಿನಲ್ಲಿ ತೋರಿಸಿದಾಗ, ಕಿರಿಯ ತರಂಗಗಳಿಗೆ ನೀಲಿಯನ್ನೂ ಹಿರಿಯ ತರಂಗಗಳಿಗೆ ಕೆಂಪನ್ನೂ ತಾವೇ ಕೊಟ್ಟದ್ದೆಂದು ಸ್ಪಷ್ಟವಾಗಿ ಹೇಳಿದರು. ಬಣ್ಣ ಹಚ್ಚಿದ್ದು ತಪ್ಪಲ್ಲ. ಹಚ್ಚಿದ್ದನ್ನು ಹೇಳದಿರುವುದು ತಪ್ಪಾಗುತ್ತಿತ್ತು.

ಇನ್ನು ನಮ್ಮ ಮನೆಯ ಮಾತು. ಓಲೆಗರಿ ವಯಸ್ಸಾದಂತೆ ಕಂದುಗಟ್ಟುತ್ತದೆ. ಅಕ್ಷರಕ್ಕೆ ತುಂಬಿದ ಮಸಿಯೂ ಗರಿಯೂ ಕಣ್ಣಿಗೆ ಒಂದೇ ಆಗಿಬಿಡುತ್ತವೆ. ಆದರೆ ಕಾಡಿಗೆಯ ಮಸಿ ಅವಕೆಂಪನ್ನು ಹೀರಿ ಕಪ್ಪಾಗಿಯೇ ಉಳಿಯುತ್ತದೆ, ಕಂದಿದ ಗರಿಯಾದರೋ ಅದರಲ್ಲಿ ತಿಳಿಯಾಗುತ್ತದೆ. 2006ರಲ್ಲಿ ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ಪಿ. ಆರ್. ಮುಕುಂದ್, ರೋಜರ್ ಈಸ್ಟನ್ ಮೊದಲಾದವರ ತಂಡ ಉಡುಪಿಯಲ್ಲಿದ್ದ ಸುಮಾರು 700 ವರ್ಷಗಳ ಹಳೆಯ ಸರ್ವಮೂಲ ಗ್ರಂಥದ ಓಲೆಗಳನ್ನು ಅವಕೆಂಪು ಶೋಧಕದ ಮೂಲಕ ಚಿತ್ರಿಸಿದ ಕಾರ್ಯ ಬೆಳಕಿಗೆ ಬಂದಿತು. ಮಧ್ವಾಚಾರ್ಯರ 36 ಕೃತಿಗಳ ಆ ಸಂಪುಟದ ಗರಿಗಳು ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿದ್ದವು. ಒಂದೊಂದು ಗರಿಯನ್ನೂ ಹಲವು ತುಂಡು ಚಿತ್ರಗಳಲ್ಲಿ ಹಿಡಿದು, ಗಣಕದಲ್ಲಿ ಹೊಲಿದು ಕೂಡಿಸಿ, ಮಾಸಿದ ಅಕ್ಷರಗಳನ್ನು ಓದುವಂತೆ ಮಾಡಲಾಯಿತು.

ಕನ್ನಡನಾಡಿನ ಮಠಗಳಲ್ಲಿ, ಬಸದಿಗಳಲ್ಲಿ, ಹಳೆಯ ಮನೆಗಳ ಅಟ್ಟಗಳಲ್ಲಿ ಇಂಥ ಓಲೆಗಳು ಇನ್ನೂ ಎಷ್ಟೋ ಇವೆ. ಅವುಗಳ ಮೇಲಿನ ಬರಹವನ್ನು ಓದಲು ಕಣ್ಣೊಂದೇ ಸಾಲದೆಂಬುದು ಈಗ ತಿಳಿದಿದೆ, ಉಪಕರಣವೂ ದುರ್ಲಭವಲ್ಲ. ಪ್ರತಿ ಗರಿಯನ್ನೂ ಕಾಣುವ ಬೆಳಕಿನಲ್ಲೊಮ್ಮೆ, ಅವಕೆಂಪಿನಲ್ಲೊಮ್ಮೆ ಚಿತ್ರಿಸಿ, ಬೆಸೆದ ಚಿತ್ರದ ಜೊತೆಗೆ ಎರಡು ಮೂಲಗಳನ್ನೂ ಕಾಪಾಡಿಡುವ ಕೆಲಸವನ್ನು ನಮ್ಮ ವಿಶ್ವವಿದ್ಯಾನಿಲಯಗಳ ಹಸ್ತಪ್ರತಿ ವಿಭಾಗಗಳೂ ವಿಜ್ಞಾನ ವಿಭಾಗಗಳೂ ಕೂಡಿ ಕೈಗೊಳ್ಳಬೇಕು. ಗರಿಗಳು ಮಾತ್ರ ಬಹಳ ದಿನ ಕಾಯಲಾರವು. ಕಂಟದಿಂದ ಕೊರೆದವನ ಕೈ ಎಂದೋ ಮಣ್ಣಾಗಿದೆ. ಅವನ ಅಕ್ಷರ ಉಳಿಯುವುದೂ ಅಳಿಯುವುದೂ ಈಗ ನಮ್ಮ ಶ್ರದ್ಧೆಯನ್ನು ಅವಲಂಬಿಸಿದೆ.